ಬೆಂಗಳೂರಿಗಿಂತ ಮೊದಲು ಮೂಡಿಗೆರೆ

(ಮೂಡಿಗೆರೆಯಲ್ಲಿ ಆಶಾ ಕಾರ್ಯಕರ್ತೆಯರು, ತೋಟದ ಲೆಕ್ಕ, ಹಾಜರಿ ನೋಡುವ ರೈಟರ್‌ಗಳು, ಅಧ್ಯಾಪಕರು ಮತ್ತು ಬೆಳೆಗಾರರು ಸೇರಿದ್ದ ಸಭೆಯಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯೊಬ್ಬರು ಆಡಿದ ಮಾತಿನ ಬರಹ ರೂಪ)

ಕರೆಯೋಲೆಯಲ್ಲಿ ನನ್ನ ಮಾತಿನ ವಿಷಯವನ್ನು ‘ಮಾನಸಿಕ ಆರೋಗ್ಯ’ ಎಂದು ಅಚ್ಚು ಹಾಕಿಸಿದ್ದೀರಿ. ಅದು ವರ್ಷವಿಡೀ ಪಾಠ ಮಾಡಿದರೂ ಮುಗಿಯದ ವಿಷಯ. ನಾನು ಒಂದೇ ಒಂದು ರಾತ್ರಿಯ ಬಗ್ಗೆ ಮಾತನಾಡುತ್ತೇನೆ. ಮನೆಯಲ್ಲಿ ಒಬ್ಬರ ಮನಸ್ಸು ಕೈಮೀರಿ ಹೋಗಿದೆ. ಹೊರಗೆ ಮಳೆ, ಕರೆಂಟಿಲ್ಲ, ಕೊನೆಯ ಬಸ್ಸು ಹೋಗಿಯಾಗಿದೆ. ಆ ಹೊತ್ತಿನಿಂದ ಮರುದಿನ ಮಧ್ಯಾಹ್ನದವರೆಗೆ ಏನು ಮಾಡಬೇಕು, ಯಾರನ್ನು ಕರೆಯಬೇಕು, ಅಷ್ಟೇ.

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ, “ಮೇಡಂ, ಬೆಂಗಳೂರಿನಲ್ಲಿ ಇದಕ್ಕೆ ಒಳ್ಳೆಯ ಡಾಕ್ಟರ್ ಯಾರು?” ಎಂಬುದು. ಕೇಳುವವರ ಮನೆ ಬಾಳೂರಿನಲ್ಲೋ ಕಳಸದಲ್ಲೋ ಇರುತ್ತದೆ. ಬೆಂಗಳೂರಿಗೆ ಹೋಗಬೇಕೆಂದರೆ ಕಾರು ಬೇಕು, ರಜೆ ಸಿಗುವ ಒಬ್ಬ ಗಂಡಸು ಬೇಕು, ಅಲ್ಲಿ ಇಳಿದುಕೊಳ್ಳಲು ನೆಂಟರ ಮನೆ ಬೇಕು, ಆ ನೆಂಟರಿಗೆ ವಿಷಯ ಹೇಳುವ ಧೈರ್ಯ ಬೇಕು. ಇವೆಲ್ಲ ಒಟ್ಟಾಗುವವರೆಗೆ ಕಾಯುತ್ತಾರೆ. ಕೊಯ್ಲು ಮುಗಿಯಲಿ ಎನ್ನುತ್ತಾರೆ, ತಿಥಿ ಕಳೆಯಲಿ ಎನ್ನುತ್ತಾರೆ. ನಿಮ್ಹಾನ್ಸ್ ಬಗ್ಗೆ ನನಗೆ ಗೌರವವಿದೆ. ಅಲ್ಲಿ ತುರ್ತು ಚಿಕಿತ್ಸೆ ಹಗಲು ರಾತ್ರಿ ತೆರೆದಿರುತ್ತದೆ, ಅಲ್ಲಿಗೇ ಹೋಗಬೇಕಾದ ಕಾಯಿಲೆಗಳೂ ಇವೆ. ಆದರೆ ಹಾವು ಕಚ್ಚಿದಾಗ ನೀವು ಯಾರೂ ಬೆಂಗಳೂರಿನ ಡಾಕ್ಟರ್ ಹೆಸರು ಹುಡುಕುತ್ತಾ ಕೂರುವುದಿಲ್ಲ, ಸಿಕ್ಕಿದ ಜೀಪು ಹತ್ತಿ ತಾಲ್ಲೂಕು ಆಸ್ಪತ್ರೆಗೆ ಓಡುತ್ತೀರಿ. ಇಲ್ಲಿಯೂ ಹಾಗೆಯೇ ಓಡಬೇಕಾದ ಸಂದರ್ಭಗಳಿವೆ ಎಂಬುದು ನನ್ನ ವಾದ.

ಮೊದಲು ಒಂದು ಅನುಮಾನವನ್ನು ಇಟ್ಟುಕೊಳ್ಳಿ. ಮನಸ್ಸು ಕೆಟ್ಟಂತೆ ಕಾಣುವುದೆಲ್ಲ ಮನಸ್ಸಿನದಲ್ಲ. ನಿನ್ನೆಯವರೆಗೆ ಸರಿಯಾಗಿದ್ದ ಎಪ್ಪತ್ತೈದರ ಅಜ್ಜಿ ಇವತ್ತು ಮಗಳ ಗುರುತು ಹಿಡಿಯುತ್ತಿಲ್ಲ, ರಾತ್ರಿಯೆಲ್ಲ ಸತ್ತುಹೋದ ಗಂಡನ ಜೊತೆ ಮಾತನಾಡುತ್ತಿದ್ದಾರೆ ಎಂದರೆ, ಅದು ಮೂತ್ರದ ಸೋಂಕಿರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟಿರಬಹುದು. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ಸಂಗತಿಗಳು ಇವು. ದಿಢೀರನೆ ಶುರುವಾಗಿ ಗಳಿಗೆಗೊಂದು ಬಗೆ ಆಗುತ್ತಿದ್ದರೆ ಮೊದಲು ದೇಹವನ್ನು ನೋಡಿಸಿ.

ಈಗ ನಮ್ಮ ಕಡೆಯ ಮುಖ್ಯ ಸಂಗತಿಗೆ ಬರುತ್ತೇನೆ, ಕುಡಿತ. ಕುಡಿತ ಕೆಟ್ಟದ್ದು ಎಂದು ಹೇಳಲು ನಾನು ಬಂದಿಲ್ಲ, ಅದನ್ನು ಹೇಳುವವರು ಊರಿಗೆ ಹತ್ತು ಜನ ಇದ್ದಾರೆ. ನಾನು ಹೇಳುವುದು ಕುಡಿತ ಬಿಟ್ಟ ಮೂರನೆಯ ದಿನದ ಬಗ್ಗೆ. ಹತ್ತು ಹದಿನೈದು ವರ್ಷ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಭ್ರಮೆ ಏರುತ್ತದೆ. ಗೋಡೆಯ ಮೇಲೆ ಹುಳು ಹರಿಯುತ್ತಿದೆ ಎನ್ನುತ್ತಾರೆ, ಕಂಬಳಿಯಿಂದ ಏನೋ ಹೆಕ್ಕುತ್ತಾರೆ, ಯಾರೋ ಕೊಲ್ಲಲು ಬಂದಿದ್ದಾರೆ ಎಂದು ಓಡಲು ನೋಡುತ್ತಾರೆ. ಹಾಸಿಗೆಯಲ್ಲಿ ಕುಳಿತು ಗಾಳಿಯಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಚಿಕಿತ್ಸೆ ಇಲ್ಲದಿದ್ದರೆ ಇದರಲ್ಲಿ ಜೀವ ಹೋಗುತ್ತದೆ.

ಇದು ಯಾವಾಗ ಹೆಚ್ಚು ಎಂದು ನಿಮಗೇ ಗೊತ್ತು. ಅಯ್ಯಪ್ಪನ ಮಾಲೆ ಹಾಕುವ ಕಾಲದಲ್ಲಿ. ದೇವರ ಮೇಲೆ ಆಣೆ ಮಾಡಿಸಿದಾಗ. ಕಾಲು ಮುರಿದು ಆಸ್ಪತ್ರೆ ಸೇರಿದ ಮೂರನೆಯ ರಾತ್ರಿ. ಮನೆಯವರು “ವ್ರತದಲ್ಲಿ ಏನೋ ತಪ್ಪಾಯಿತು, ಸ್ವಾಮಿ ಮುನಿದರು” ಎಂದು ಹೆದರುತ್ತಾರೆ. ಮಾಲೆ ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಆ ಹಟದಲ್ಲಿ ಕುಡಿತ ಬಿಟ್ಟವರೂ ಇದ್ದಾರೆ. ಮಾಲೆ ಹಾಕುವುದಕ್ಕಿಂತ ಮೊದಲೇ ಡಾಕ್ಟರ್ ಹತ್ತಿರ ಹೋದರೆ ಈ ನಾಲ್ಕೈದು ದಿನ ದಾಟಿಸುವ ಮಾತ್ರೆ ಕೊಡುತ್ತಾರೆ. ಇನ್ನೊಂದು ಮಾತು: ಹೀಗಾದಾಗ ಎಲ್ಲೋ ಒಂದು ಕ್ಲಿನಿಕ್ಕಿಗೆ ಹೋಗಿ “ಒಂದು ಬಾಟಲಿ ಗ್ಲೂಕೋಸ್ ಹಾಕಿ” ಎಂದು ಕೇಳಬೇಡಿ. ದಿನವೂ ಕುಡಿಯುವವರಲ್ಲಿ ಬಿ1 ವಿಟಮಿನ್ ಬರಿದಾಗಿರುತ್ತದೆ. ಅದನ್ನು ತುಂಬದೆ ಗ್ಲೂಕೋಸ್ ಒಂದನ್ನೇ ಹರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಎಷ್ಟು ಕುಡಿಯುತ್ತಿದ್ದರು, ಯಾವತ್ತು ನಿಲ್ಲಿಸಿದರು ಎಂಬುದನ್ನು ನಾಚಿಕೆಪಡದೆ ಡಾಕ್ಟರಿಗೆ ಹೇಳಿ. “ಯಾವಾಗಲಾದರೂ ಒಮ್ಮೆ, ಸ್ವಲ್ಪ” ಎನ್ನುವ ಹೆಂಡತಿಯರನ್ನು ನಾನು ಬಹಳ ನೋಡಿದ್ದೇನೆ. ಗಂಡನ ಮಾನ ಉಳಿಸಲು ಹೋಗಿ ಗಂಡನನ್ನೇ ಕಳೆದುಕೊಳ್ಳುವ ಮಾತು ಅದು.

ಬಾಣಂತಿಯರ ವಿಷಯವನ್ನು ಆಶಾ ಕಾರ್ಯಕರ್ತೆಯರಿಗಾಗಿಯೇ ಹೇಳುತ್ತೇನೆ. ನಮ್ಮ ಅಜ್ಜಿಯಂದಿರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದದ್ದು ಕಟ್ಟುಕತೆಯಲ್ಲ. ಸಾವಿರ ಹೆರಿಗೆಗೆ ಒಂದೆರಡು ತಾಯಂದಿರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ನಿದ್ದೆ ಪೂರ್ತಿ ಹೋಗುತ್ತದೆ, ಮಾತು ತಪ್ಪುತ್ತದೆ. ಮಗು ನನ್ನದಲ್ಲ, ಮಗುವಿಗೆ ಏನೋ ಸೇರಿಕೊಂಡಿದೆ ಎಂಬ ನಂಬಿಕೆ ಬೇರೂರುತ್ತದೆ. ತಾಯಿ ಮಗು ಇಬ್ಬರನ್ನೂ ಆ ಕ್ಷಣದಿಂದ ಒಂಟಿಯಾಗಿ ಬಿಡಬಾರದು, ಅಂದೇ ಆಸ್ಪತ್ರೆಗೆ ಬರಬೇಕು. ಹನ್ನೊಂದು ದಿನ ಕಳೆಯಲಿ, ಸೂತಕ ಮುಗಿಯಲಿ ಎನ್ನುವಂತಿಲ್ಲ. ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಕಾಯಿಲೆ ಇದು, ತಡ ಮಾಡುವುದರಲ್ಲಿ ಯಾವ ಲಾಭವೂ ಇಲ್ಲ.

ಇನ್ನು ಸಾಯುವ ಮಾತನಾಡುವವರು. “ಬಾಯಿಬಿಟ್ಟು ಹೇಳುವವರು ಮಾಡಿಕೊಳ್ಳುವುದಿಲ್ಲ” ಎಂಬ ನಂಬಿಕೆ ನಮ್ಮಲ್ಲಿದೆ. ಅದು ಸುಳ್ಳು. ಹೇಳಿಕೊಂಡವರಲ್ಲಿ ಅನೇಕರು ನಿಜಕ್ಕೂ ಅಪಾಯದಲ್ಲಿರುತ್ತಾರೆ. ಇನ್ನೊಂದು ನಂಬಿಕೆ, ನಾವು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬುದು. ಅದೂ ಸುಳ್ಳು. ನೇರವಾಗಿ ಕೇಳಿ. “ಅಣ್ಣಾ, ಸಾಯಬೇಕು ಎಂದು ಅನ್ನಿಸುತ್ತಿದೆಯೇ?” ಎಂದು ಕೇಳಿದರೆ ಎದುರಿನವರಿಗೆ ಸಿಟ್ಟು ಬರುವುದು ಅಪರೂಪ. ಎಷ್ಟೋ ಜನ ಅಳುತ್ತಾರೆ, ಆಮೇಲೆ ಮಾತನಾಡುತ್ತಾರೆ. ಹೌದು ಎಂದರೆ ಯಾವಾಗಿನಿಂದ ಎಂದು ಕೇಳಿ, ಅದಕ್ಕಾಗಿ ಏನಾದರೂ ತಂದಿಟ್ಟುಕೊಂಡಿದ್ದೀರಾ ಎಂದು ಕೇಳಿ. ತಂದಿಟ್ಟುಕೊಂಡಿದ್ದಾರೆ ಎಂದರೆ ಆ ರಾತ್ರಿ ಅವರನ್ನು ಬಿಟ್ಟು ನೀವು ಮನೆಗೆ ಹೋಗುವಂತಿಲ್ಲ.

ಕೇಳಿದ ಮೇಲೆ ನಾವು ಮಾಡುವ ಅನಾಹುತ ಯಾವುದೆಂದರೆ ಉಪದೇಶ. ನಮ್ಮವರಿಗೆ ಸುಮ್ಮನಿರಲು ಬರುವುದಿಲ್ಲ. “ನಿನಗೇನು ಕಡಿಮೆಯಾಗಿದೆ, ಹೆಂಡತಿ ಮಕ್ಕಳ ಮುಖ ನೋಡು, ಪಕ್ಕದ ತೋಟದವರಿಗೆ ನಿನಗಿಂತ ಹೆಚ್ಚು ಸಾಲವಿದೆ, ಅವರು ನಗುನಗುತ್ತಾ ಇಲ್ಲವೇ?” ಎದುರು ಕುಳಿತವರು ಆಗಲೇ ಮಕ್ಕಳ ಮುಖ ನೋಡಿ ನೋಡಿ ತಾನೊಂದು ಭಾರ ಎಂಬ ತೀರ್ಮಾನಕ್ಕೆ ಬಂದಿರುತ್ತಾರೆ. ನಿಮ್ಮ ಮಾತು ಆ ತೀರ್ಮಾನಕ್ಕೆ ಮೊಹರು ಒತ್ತುತ್ತದೆ. ಪಿಯುಸಿ ಫಲಿತಾಂಶ ಬಂದ ದಿನ ಮಗಳ ಕೋಣೆಯ ಬಾಗಿಲಲ್ಲಿ ನಿಂತು “ಫೇಲಾದರೇನು, ಧೈರ್ಯವಾಗಿರು” ಎಂದು ಹೇಳಿ ಮದುವೆ ಮನೆಗೆ ಹೋಗುವ ತಂದೆ ತಾಯಿಯರಿದ್ದಾರೆ. ಹೇಳಿದ್ದರಲ್ಲಿ ತಪ್ಪಿಲ್ಲ. ಆ ದಿನ ಮದುವೆ ಮನೆಗೆ ಒಬ್ಬರು ಹೋಗಬೇಕಿತ್ತು, ಇನ್ನೊಬ್ಬರು ಮನೆಯಲ್ಲಿ ಉಳಿಯಬೇಕಿತ್ತು. ಜೊತೆಗೆ ಕುಳಿತು ಟಿವಿ ನೋಡಿದರೂ ಸಾಕು.

ಬೆಳೆಗಾರರಿಗೆ ಒಂದು ಕೆಲಸ ಹೇಳುತ್ತೇನೆ, ಸಭೆ ಮುಗಿದ ಮೇಲೆ ಮನೆಗೆ ಹೋಗಿ ಮಾಡಬಹುದಾದ ಕೆಲಸ. ತೋಟಕ್ಕೆ ಹೊಡೆಯುವ ಔಷಧಿ ನಿಮ್ಮಲ್ಲಿ ಎಲ್ಲಿರುತ್ತದೆ? ಜಗಲಿಯ ಮೂಲೆಯಲ್ಲಿ, ಸ್ನಾನದ ಮನೆಯ ಹಿಂದೆ, ಕೆಲಸಗಾರರ ಲೈನ್ ಮನೆಯ ಅಟ್ಟದ ಮೇಲೆ. ಅದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಮನೆಯಿಂದ ದೂರದ ಗೋದಾಮಿಗೆ ಸಾಗಿಸಿ. ಮನೆಯಲ್ಲಿ ಯಾರಿಗಾದರೂ ಕಷ್ಟದ ಕಾಲವಾದರೆ ಬೀಗದ ಕೈ ಮನೆಯವರಲ್ಲದ ಒಬ್ಬರ ಹತ್ತಿರ ಇರಲಿ. ಸಾಯುವ ಆವೇಗ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಅನೇಕರು ಉಳಿಯುತ್ತಾರೆ, ಉಳಿದವರಲ್ಲಿ ಬಹುಪಾಲು ಜನ ಮತ್ತೆ ಆ ದಾರಿ ಹಿಡಿಯುವುದಿಲ್ಲ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಸರ್ಕಾರ ಹಂತಹಂತವಾಗಿ ನಿಷೇಧಿಸಿತು. 1995ರ ನಂತರದ ಎರಡು ದಶಕಗಳಲ್ಲಿ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಅಲ್ಲಿನ ಜನರ ಕಷ್ಟ ಅಷ್ಟರಮಟ್ಟಿಗೆ ಇಳಿದಿರಲಿಲ್ಲ.

ಯಾರಾದರೂ ಏನನ್ನಾದರೂ ಕುಡಿದೇಬಿಟ್ಟಿದ್ದಾರೆ ಎಂದರೆ ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಅಪಾಯವಾಗುತ್ತದೆ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವುದು ತಡವಾಗುವಂತಿದ್ದರೆ ಇರುವ ಗಾಡಿಯಲ್ಲಿ ಹೊರಡಿ, ಬಾಟಲಿಯನ್ನು ಜೊತೆಗೆ ತನ್ನಿ. “ಈಗ ಚೆನ್ನಾಗಿದ್ದಾನೆ, ಎದ್ದು ಕಾಫಿ ಕುಡಿದ” ಎಂದು ನಿಲ್ಲಬೇಡಿ. ಮೊದಲ ದಿನ ಚೆನ್ನಾಗಿ ಕಂಡು ಆಮೇಲೆ ಕೆಡುವ ವಿಷಗಳಿವೆ.

ಇಲ್ಲಿ ಎಲ್ಲರ ಕಾಲು ಹಿಡಿದು ಎಳೆಯುವುದು ಪೊಲೀಸ್ ಕೇಸಿನ ಹೆದರಿಕೆ. ಆ ಹೆದರಿಕೆಯಿಂದ ಆಸ್ಪತ್ರೆಗೆ ಬಾರದವರು, ಬಂದರೂ “ತಪ್ಪಿ ಕುಡಿದಿದ್ದು” ಎನ್ನುವವರು ಎಷ್ಟೋ ಜನ. ಕಾನೂನು ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅದಕ್ಕಾಗಿ ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದೂ ಅಲ್ಲಿ ಬರೆದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನೇ ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಕಲಂ ಇಲ್ಲ. ಸರ್ಕಾರಿ ನೌಕರನನ್ನು ಅವನ ಕರ್ತವ್ಯದಲ್ಲಿ ಒತ್ತಾಯಿಸಲು ಅಥವಾ ತಡೆಯಲು ಹಾಗೆ ಮಾಡಿದರೆ ಮಾತ್ರ ಶಿಕ್ಷೆ ಎಂಬ ಬೇರೆಯೇ ಕಲಂ ಇದೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂದು ಬರೆದುಕೊಳ್ಳುತ್ತಾರೆ, ಪೊಲೀಸರು ಬಂದು ಹೇಳಿಕೆ ಕೇಳಬಹುದು. ಅದು ದಾಖಲೆ, ಶಿಕ್ಷೆಯಲ್ಲ. ಡಾಕ್ಟರಿಗೆ ನಿಜ ಹೇಳಿ.

ಫೋನಿನ ಮಾತಿಗೆ ಬರುತ್ತೇನೆ. ಮನಸ್ಸಿನ ಕಷ್ಟಕ್ಕೆಂದೇ ಇರುವ ಸಹಾಯವಾಣಿ ಟೆಲಿ ಮನಸ್, 14416. ಹಳೆಯ ಫೋನುಗಳಿಂದ ಹೋಗದಿದ್ದರೆ 1800-891-4416. 2022ರ ಅಕ್ಟೋಬರ್ 10ರಂದು ಆರಂಭವಾದದ್ದು, ಕೇಂದ್ರ ಸರ್ಕಾರದ ಯೋಜನೆ, ತಜ್ಞರ ಉಸ್ತುವಾರಿ ನಿಮ್ಹಾನ್ಸ್‌ನದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಭಾಷೆ ಆರಿಸಿಕೊಳ್ಳಲು ಹೇಳುತ್ತದೆ, ಕನ್ನಡ ಒತ್ತಿದರೆ ಆಪ್ತ ಸಮಾಲೋಚಕರು ಸಿಗುತ್ತಾರೆ. ಅವರ ಕೈಯಲ್ಲಿ ಆಗದ್ದಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ, ಹತ್ತಿರದ ಸರ್ಕಾರಿ ಆಸ್ಪತ್ರೆಯ ದಾರಿ ತೋರಿಸುತ್ತಾರೆ. ಕಷ್ಟದಲ್ಲಿರುವವರೇ ಮಾತನಾಡಬೇಕೆಂದಿಲ್ಲ. ನೀವು ಅಮ್ಮನಾಗಿ, ಮೇಷ್ಟರಾಗಿ, ರೈಟರ್ ಆಗಿ “ಇಂಥ ಪರಿಸ್ಥಿತಿ, ನಾನು ಏನು ಮಾಡಲಿ?” ಎಂದು ಕೇಳಬಹುದು.

ತೋಟದ ರೈಟರ್‌ಗಳು ಗಮನವಿಟ್ಟು ಕೇಳಿ. ಈ ಸಂಖ್ಯೆಯಲ್ಲಿ ಅಸ್ಸಾಮಿ, ಬಂಗಾಳಿ, ಹಿಂದಿಯೂ ಸಿಗುತ್ತವೆ. ನಿಮ್ಮ ಲೈನ್‌ಗಳಲ್ಲಿ ಈಗ ಇರುವವರಲ್ಲಿ ಅಸ್ಸಾಮಿನವರು ಬಹಳ. ಸಾವಿರಾರು ಮೈಲಿ ದೂರದಿಂದ ಬಂದು, ಭಾಷೆ ಬಾರದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣದೆ ಇರುವ ಹುಡುಗನಿಗೆ ತನ್ನ ಭಾಷೆಯಲ್ಲಿ ಹತ್ತು ನಿಮಿಷ ಮಾತು ಸಿಗುವುದು ಸಣ್ಣ ವಿಷಯವಲ್ಲ. ಈ ಸಂಖ್ಯೆಯನ್ನು ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ರಟ್ಟಿನ ಮೇಲೆ ಬರೆದಿಡಿ.

ನೆಟ್‌ವರ್ಕ್ ಇಲ್ಲದಿದ್ದರೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ. ನ್ಯಾಯವಾದ ನಗು. ನಾಲ್ಕು ದಿನ ಕರೆಂಟ್ ಹೋಗಿ ಟವರ್ ಮಲಗಿದಾಗ ಯಾವ ಸಂಖ್ಯೆಯೂ ಉಪಯೋಗವಿಲ್ಲ. ಆದ್ದರಿಂದಲೇ ನಾನು ನಂಬುವುದು ಫೋನಿಗಿಂತ ಹೆಚ್ಚಾಗಿ ಎರಡು ಮನೆಗಳನ್ನು. ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ಬಡಿದರೂ ಗಾಡಿ ತೆಗೆಯುವವರ ಮನೆ ಯಾವುದು? ಬಂದು ಪಕ್ಕದಲ್ಲಿ ಕುಳಿತು, ಆಮೇಲೆ ಊರಿಗೆ ಹರಡದ ಬಾಯಿ ಯಾರದು? ಈ ಎರಡು ಹೆಸರು ಮಳೆಗಾಲಕ್ಕೆ ಮುಂಚೆ ನಿಮಗೆ ಗೊತ್ತಿರಬೇಕು. ಸೌದೆ ಒಟ್ಟುತ್ತೀರಿ, ಹಪ್ಪಳ ಮಾಡಿಡುತ್ತೀರಿ, ಇದನ್ನೂ ಮಾಡಿಡಿ. ದಾರಿಯನ್ನೂ ಯೋಚಿಸಿ. ಮಂಗಳೂರಿಗೆ ಒಯ್ಯುತ್ತೇವೆ ಎನ್ನುವವರು ಆ ವಾರ ಚಾರ್ಮಾಡಿ ಘಾಟಿ ತೆರೆದಿದೆಯೇ ಎಂದು ನೋಡಿಕೊಳ್ಳಬೇಕು.

ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಇಲ್ಲ, ಹೋಗಿ ಏನು ಪ್ರಯೋಜನ ಎನ್ನುತ್ತೀರಿ. ರಾತ್ರಿ ಪಾಳಿಯ ಡಾಕ್ಟರ್ ಇರುತ್ತಾರಲ್ಲ. ಜೀವಕ್ಕೆ ಅಪಾಯವಿದ್ದಾಗ, ತನಗೋ ಇತರರಿಗೋ ಗಂಭೀರ ಹಾನಿ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದಾಗ, ನೋಂದಾಯಿತ ವೈದ್ಯರು ಯಾರೇ ಆದರೂ ಎಪ್ಪತ್ತೆರಡು ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ನಿದ್ದೆ ಬರಿಸಲು, ಉದ್ವೇಗ ಇಳಿಸಲು, ಸಕ್ಕರೆ ಸೋಡಿಯಂ ನೋಡಲು ಅವರು ಸಾಕು. ಅಷ್ಟರೊಳಗೆ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೋ ಹಾಸನದ ವೈದ್ಯಕೀಯ ಕಾಲೇಜಿಗೋ ಹೋಗುವ ವ್ಯವಸ್ಥೆ ಮಾಡಿಕೊಳ್ಳಬಹುದು. ಇಲ್ಲಿ ಒಂದು ಅಡ್ಡ ಮಾತು. ಸಾಮಾನ್ಯ ಡಾಕ್ಟರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮನಸ್ಸಿನ ಕಾಯಿಲೆ ನೋಡಿಸಬಹುದು ಎಂದು ತೋರಿಸಿಕೊಟ್ಟದ್ದು ನಮ್ಮ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಕೆಲಸವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಿಲ್ಲಾ ತಂಡದ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಮನೋಚೈತನ್ಯ ಎಂಬ ವ್ಯವಸ್ಥೆಯೂ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಕಟ್ಟಿಹಾಕಬೇಡಿ. ಸರಪಳಿ ಹಾಕುವುದನ್ನು ಕಾನೂನು ಪೂರ್ತಿ ನಿಷೇಧಿಸಿದೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು ನಮ್ಮ ರಾಜ್ಯದಲ್ಲಿ ಅಪರಾಧ. ಹಾಗೆಂದು ದೇವಸ್ಥಾನಕ್ಕೆ ಹೋಗುವವರ ಜೊತೆ ನಾನು ಜಗಳವಾಡುವುದಿಲ್ಲ. ಜಗಳವಾಡಿದರೆ ಅವರು ದೇವಸ್ಥಾನ ಬಿಡುವುದಿಲ್ಲ, ನನ್ನನ್ನು ಬಿಡುತ್ತಾರೆ. ಹರಕೆ ಹೊತ್ತುಕೊಳ್ಳಿ, ತಾಯತ ಕಟ್ಟಿಸಿಕೊಳ್ಳಿ, ಮಾತ್ರೆಯನ್ನೂ ನುಂಗಿಸಿ. ಮಾತ್ರೆ ನಿಲ್ಲಿಸು ಎನ್ನುವ ಮಂತ್ರವಾದಿಯ ಹತ್ತಿರ ಮಾತ್ರ ಎರಡನೆಯ ಸಲ ಹೋಗಬೇಡಿ. ಬಸ್ ನಿಲ್ದಾಣದಲ್ಲಿ ದಿಕ್ಕಿಲ್ಲದೆ ಅಲೆಯುವವರು ಕಂಡರೆ ಪೊಲೀಸರಿಗೆ ತಿಳಿಸಿ. ಲಾಕಪ್ಪಿಗೆ ಹಾಕದೆ ಇಪ್ಪತ್ತನಾಲ್ಕು ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಅವರ ಕರ್ತವ್ಯ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಎಲ್ಲರೂ ಉಸಿರು ಬಿಡುತ್ತಾರೆ. ಹಾಗೆ ಬಿಡುವ ಕಾಲವಲ್ಲ ಅದು. ಬಿಡುಗಡೆಯಾದ ಮೊದಲ ಕೆಲವು ವಾರಗಳೇ ಹೆಚ್ಚು ಅಪಾಯದವು. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಒಂದು ವಾರಕ್ಕೆ ಗುಣ ಕಾಣಲಿಲ್ಲ ಎಂದು ಮಾತ್ರೆ ಬಿಸಾಡುತ್ತಾರೆ. ಮಾತ್ರೆಯ ಚೀಟಿ ಒಬ್ಬರ ಜವಾಬ್ದಾರಿಯಾಗಿರಲಿ, ಒಮ್ಮೆಗೆ ಹೆಚ್ಚು ಮಾತ್ರೆ ಮನೆಯಲ್ಲಿ ಇರದಿರಲಿ. ನೋಡಿಕೊಳ್ಳುವವರು ಸಾಮಾನ್ಯವಾಗಿ ಒಬ್ಬಳೇ ಹೆಂಗಸು. ಅವಳು ಹಾಲು ಕರೆಯಬೇಕು, ಅಡುಗೆ ಮಾಡಬೇಕು, ರಾತ್ರಿ ಎದ್ದಿರಬೇಕು. ನೆರೆಯವರು ನೋಡಲು ಬರುವಾಗ ಕಿತ್ತಳೆ ಹಣ್ಣು ತರುತ್ತಾರೆ. ಹಣ್ಣು ಬೇಡ. “ಅಕ್ಕಾ, ನೀವು ಮೂರು ಗಂಟೆ ಮಲಗಿಕೊಳ್ಳಿ, ನಾನು ಇರುತ್ತೇನೆ” ಎನ್ನಿ.

ಖರ್ಚಿನ ವಿಷಯ ಕೇಳುವವರಿಗೆ: ಆರೋಗ್ಯ ವಿಮೆ ಇದ್ದರೆ ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಗೆ ಕೊಟ್ಟಂತೆಯೇ ಕೊಡಬೇಕು ಎಂದು ಕಾಯ್ದೆಯಲ್ಲಿದೆ. ಕೊಡುವುದಿಲ್ಲ ಎಂದರೆ ಲಿಖಿತವಾಗಿ ಉತ್ತರ ಕೇಳಿ. ಉಚಿತ ಕಾನೂನು ನೆರವಿಗೆ 15100.

ಒಂದು ಚೀಟಿ ಬಂದಿದೆ, ಹೆಸರಿಲ್ಲ. “ಮನೆಯಲ್ಲಿ ನಾನೊಬ್ಬನೇ. ಮಕ್ಕಳು ಬೆಂಗಳೂರಿನಲ್ಲಿ. ನೀವು ಹೇಳಿದ್ದೆಲ್ಲ ಜೊತೆಗೆ ಜನ ಇರುವವರಿಗೆ.” ಸರಿಯಾದ ಮಾತು. ಬರೆದವರು ಸಭೆಯಲ್ಲಿದ್ದೀರಿ ಎಂದುಕೊಂಡು ಉತ್ತರಿಸುತ್ತೇನೆ. ಇವತ್ತು ರಾತ್ರಿ ಕೆಟ್ಟ ಯೋಚನೆ ಬಂದರೆ ಅದನ್ನು ಗೆಲ್ಲಲು ಹೋಗಬೇಡಿ, ಬೆಳಗಾಗುವವರೆಗೆ ಮುಂದೂಡಿ. ಮನೆಯೊಳಗೆ ಇರಬೇಡಿ, ಜನ ಇರುವ ಕಡೆ ಹೋಗಿ. ರೈಟರ್ ಮನೆಯಾದರೂ ಆದೀತು, ಸ್ಟ್ಯಾಂಡಿನ ಹೋಟೆಲ್ ಆದರೂ ಆದೀತು. ಗೋದಾಮಿನ ಬೀಗದ ಕೈಯನ್ನು ಮೇಸ್ತ್ರಿಯ ಕೈಗೆ ಕೊಟ್ಟು “ನಾನು ಕೇಳಿದರೂ ಕೊಡಬೇಡ” ಎನ್ನಿ, ಕಾರಣ ಹೇಳಬೇಕಾಗಿಲ್ಲ. 14416ಕ್ಕೆ ಫೋನ್ ಮಾಡಿದಾಗ ಏನು ಹೇಳುವುದೆಂದು ತೋಚದಿದ್ದರೆ “ನಾನು ಒಬ್ಬನೇ ಇದ್ದೇನೆ, ಹೆದರಿಕೆಯಾಗುತ್ತಿದೆ” ಎಂಬಷ್ಟು ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ. ಮಗನಿಗೂ ಫೋನ್ ಮಾಡಿ. ಅವನಿಗೆ ಕೆಲಸವಿದೆ, ತೊಂದರೆ ಏಕೆ ಎಂದು ನೀವು ಯೋಚಿಸುತ್ತಿದ್ದೀರಿ ಎಂಬುದು ನನಗೆ ಗೊತ್ತು. ಆದರೂ ಮಾಡಿ. ಈ ಸಭೆಯ ನಂತರ ನಾನು ಐದೂವರೆಯ ಬಸ್ಸಿನವರೆಗೆ ಇಲ್ಲೇ ಹಿಂದಿನ ಕೋಣೆಯಲ್ಲಿ ಇರುತ್ತೇನೆ. ಚೀಟಿ ಬರೆದವರು ಬಂದರೆ ಒಟ್ಟಿಗೆ ತಾಲ್ಲೂಕು ಆಸ್ಪತ್ರೆಯವರೆಗೆ ನಡೆದುಕೊಂಡು ಹೋಗೋಣ, ಬಸ್ಸು ನಾಳೆಯೂ ಇದೆ.